ಕೂಸಿನ ಮೇಲಿನ ಸುಳ್ಳು ಆರೋಪ

ಹುಟ್ಟಿ ನಾಲ್ಕು ಗಂಟೆಯೂ ಆಗದ ಜೀವದ ಮೇಲೆ ಯಾರಾದರೂ ಯಾವ ಆರೋಪವನ್ನು ಹೊರಿಸಿಯಾರು? ಅದು ಕದ್ದಿಲ್ಲ, ಸುಳ್ಳಾಡಿಲ್ಲ, ಯಾರ ಸಾಲವನ್ನೂ ಉಳಿಸಿಕೊಂಡಿಲ್ಲ. ಆದರೂ ನಮ್ಮ ಸೀಮೆಯಲ್ಲಿ ಎಷ್ಟೋ ಕೂಸುಗಳಿಗೆ ಹೆಸರು ಸಿಗುವ ಮೊದಲೇ ತೀರ್ಪೊಂದು ಸಿಕ್ಕಿಬಿಡುತ್ತದೆ: “ಇದಕ್ಕೆ ಹಾಲು ಕುಡಿಯಲಿಕ್ಕೆ ಬರುವುದಿಲ್ಲ.” ಅದರ ಬೆನ್ನಿಗೇ ತಾಯಿಗೂ ಒಂದು: “ಇವಳಿಗೆ ಹಾಲೇ ಇಲ್ಲ.” ಈ ಎರಡು ಮಾತುಗಳನ್ನು ನಾನು ಬೆಳ್ಮಣ್ಣಿನ ಮನೆಗಳ ಜಗಲಿಯಲ್ಲಿ ಕೇಳಿದ್ದೇನೆ, ಆಸ್ಪತ್ರೆಯ ಪಡಸಾಲೆಯಲ್ಲಿ ಕೇಳಿದ್ದೇನೆ, ಪಡುಬಿದ್ರಿಯಿಂದ ಕಾರ್ಕಳಕ್ಕೆ ಹೋಗುವ ಬಸ್ಸಿನಲ್ಲಿ ಹಿಂದಿನ ಸೀಟಿನ ಹೆಂಗಸರಿಂದಲೂ ಕೇಳಿದ್ದೇನೆ. ಕೇಳಿದ್ದೇನೆ ಎಂದಷ್ಟೇ ಹೇಳಿದರೆ ಅರ್ಧ ಸತ್ಯವಾದೀತು, ಆಡಿಯೂ ಇದ್ದೇನೆ. ಆದಕಾರಣ ಈ ಬರಹವನ್ನು ಪರರ ಮೇಲಿನ ದೂರೆಂದು ಓದುಗರು ಭಾವಿಸಬಾರದು. ನನ್ನ ವಾದ ಇಷ್ಟೇ: ಈ ಎರಡು ತೀರ್ಪುಗಳೂ ಬಹುಮಟ್ಟಿಗೆ ಸುಳ್ಳು. ಕೂಸಿಗೂ ತಾಯಿಗೂ ಬರುವ ವಿದ್ಯೆಯನ್ನು ನಡೆಸಲು ಬಿಡದೆ, ಅವರಿಬ್ಬರನ್ನು ಬೇರೆ ಬೇರೆ ಇಟ್ಟು, ಆಮೇಲೆ ಅವರಿಗೆ ವಿದ್ಯೆಯೇ ಬರುವುದಿಲ್ಲವೆಂದು ಡಂಗುರ ಹೊಡೆಯುವವರು ನಾವು.

ನಡೆದ ಸಂಗತಿಯನ್ನು ಹೇಳಿಬಿಡುತ್ತೇನೆ. ಕಳೆದ ವರ್ಷದ ಆಟಿ ತಿಂಗಳಲ್ಲಿ ನನ್ನ ಹಿರಿಯ ಮಗಳು ಚೊಚ್ಚಲ ಹೆರಿಗೆಗೆ ಮುಂಬಯಿಯಿಂದ ಮನೆಗೆ ಬಂದಳು. ಹೆರಿಗೆಯಾದದ್ದು ಪೇಟೆಯ ಆಸ್ಪತ್ರೆಯೊಂದರಲ್ಲಿ. ಯಾವ ಆಸ್ಪತ್ರೆ ಎಂಬುದು ಇಲ್ಲಿ ಮುಖ್ಯವಲ್ಲ. ಒಂದರ ಹೆಸರು ಹೇಳಿದರೆ ಉಳಿದವು ತಾವು ಪಾರಾದೆವೆಂದು ನೆಮ್ಮದಿಪಟ್ಟಾವು. ರಾತ್ರಿ ಎರಡು ಗಂಟೆ ಹತ್ತು ನಿಮಿಷಕ್ಕೆ ಕೂಸು ಹುಟ್ಟಿತು. ಹೆಣ್ಣು. ಸಹಜ ಹೆರಿಗೆ, ತೂಕ ಎರಡು ಕಿಲೋ ಒಂಬೈನೂರು, ಗಟ್ಟಿ ಅಳು, ಯಾವ ತೊಡಕೂ ಇಲ್ಲ. ಹೊಕ್ಕುಳ ಬಳ್ಳಿ ಕತ್ತರಿಸಿದ್ದೇ ತಡ, ಅದನ್ನು ಬಿಸಿದೀಪದ ಮಂಚಕ್ಕೆ ಒಯ್ದು, ಒರೆಸಿ, ತೂಗಿ, ಬಟ್ಟೆಯಲ್ಲಿ ಮೂಡೆಯಂತೆ ಬಿಗಿಯಾಗಿ ಸುತ್ತಿ, ಪಡಸಾಲೆಯಲ್ಲಿ ಕಾದಿದ್ದ ನನ್ನ ಕೈಗೆ ಕೊಟ್ಟರು. ತಾಯಿಯ ಕೈಗಲ್ಲ, ನನ್ನ ಕೈಗೆ! ನಾನಾದರೂ ಸಂಕೋಚವಿಲ್ಲದೆ ತೆಗೆದುಕೊಂಡೆ. ಅಜ್ಜಿಯಾದ ಹೊಸ ಸಡಗರ ನೋಡಿ.

ಕೂಸು ಕಣ್ಣು ಅಗಲಿಸಿ ನೋಡುತ್ತಿತ್ತು. ಬಾಯಿ ತೆರೆಯುತ್ತಿತ್ತು, ನಾಲಿಗೆ ಹೊರಚಾಚುತ್ತಿತ್ತು, ತಲೆಯನ್ನು ನನ್ನ ರವಕೆಯ ಕಡೆಗೆ ತಿರುಗಿಸಿ ಮೂಗನ್ನು ಉಜ್ಜುತ್ತಿತ್ತು. ಹೇಗೋ ಸುತ್ತಿದ ಬಟ್ಟೆಯಿಂದ ಒಂದು ಮುಷ್ಟಿಯನ್ನು ಬಿಡಿಸಿಕೊಂಡು ಅದನ್ನೇ ಚೀಪತೊಡಗಿತು. “ನೋಡಿ ನೋಡಿ, ಕೈ ಚೀಪುತ್ತದೆ, ಎಂತ ಜೋರುಗಾತಿ!” ಎಂದು ನಾವೆಲ್ಲ ನಕ್ಕೆವು. ನನ್ನ ತಮ್ಮನ ಹೆಂಡತಿ ಫೋಟೋ ತೆಗೆದು ಮುಂಬಯಿಗೂ ದೋಹಾಕ್ಕೂ ಕಳುಹಿಸಿದಳು. ಅಳಿಯನಿಗೆ ವಿಡಿಯೋದಲ್ಲಿ ತೋರಿಸಿದ್ದಾಯಿತು. ಹೀಗೆ ಕೈಯಿಂದ ಕೈಗೆ ಹೋಗುತ್ತ ಒಂದೂವರೆ ಗಂಟೆ ಕಳೆಯಿತು. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ಓದಿಸಿದವಳು ನಾನು. ಆ ಕೂಸು ತನ್ನ ಇಡೀ ಮೈಯಿಂದ ಬರೆದು ತೋರಿಸುತ್ತಿದ್ದ ಒಂದೇ ಒಂದು ವಾಕ್ಯವನ್ನು ಓದಲಾರದೆ ಹೋದೆ.

ಅದನ್ನು ತಾಯಿಯ ಮಗ್ಗುಲಿಗೆ ಹಾಕಿದಾಗ ಐದು ಗಂಟೆ ದಾಟಿತ್ತು. ಅಷ್ಟರಲ್ಲಿ ಕೂಸಿಗೆ ಗಾಢ ನಿದ್ದೆ. ದಾದಿ ಅಂಗಾಲು ತಟ್ಟಿದಳು, ಕಿವಿ ಉಜ್ಜಿದಳು, ತಲೆಯ ಹಿಂಭಾಗವನ್ನು ಹಿಡಿದು ಮುಖವನ್ನು ಮೊಲೆಗೆ ಒತ್ತಿದಳು. ಒತ್ತಿದಷ್ಟೂ ಅದು ಕತ್ತನ್ನು ಹಿಂದಕ್ಕೆ ಸೆಟೆಯಿತು. ಆರು ಗಂಟೆಗೆ ತೀರ್ಪು ಬಂತು: “ಅಮ್ಮಾ, ಮಗು ಎಳೆಯುವುದಿಲ್ಲ. ಬಾಣಂತಿಗೆ ಹಾಲೂ ಬಂದ ಹಾಗಿಲ್ಲ. ಒಂದು ಡಬ್ಬಿ ಪೌಡರು, ಒಂದು ಬಾಟಲಿ ತನ್ನಿ.” ನಾನು ಚೀಟಿ ಹಿಡಿದು ಮೆಡಿಕಲ್ಲಿಗೆ ಓಡಿದೆ. ಓಡುವಾಗ ನನ್ನ ಚೀಲದಲ್ಲಿ ಒಂದು ಪುಟ್ಟ ಸೀಸೆಯಲ್ಲಿ ಜೇನು ಇತ್ತೆಂಬುದನ್ನೂ ಹೇಳಬೇಕು. ಚಿನ್ನದ ಉಂಗುರದಿಂದ ಕೂಸಿನ ನಾಲಿಗೆಗೆ ಮುಟ್ಟಿಸಬೇಕೆಂದು ಮನೆಯಿಂದಲೇ ತಂದಿದ್ದೆ. ದಾದಿ ಅದನ್ನು ಕಂಡು ಗದರಿಸಿದ್ದಳು. ಗದರಿಸಿದ್ದು ಸರಿಯೇ, ಜೇನಿನಲ್ಲಿ ಕೆಲವೊಮ್ಮೆ ಅಡಗಿರುವ ರೋಗಾಣು ಕೂಸಿನ ಕರುಳಿನಲ್ಲಿ ಬೆಳೆದು ಮೈಯನ್ನೇ ಸೋಲಿಸುವ ವಿಷವನ್ನುಂಟುಮಾಡುತ್ತದೆಂದು 1976ರಿಂದ ವೈದ್ಯಲೋಕಕ್ಕೆ ಗೊತ್ತು, ವರ್ಷ ತುಂಬುವವರೆಗೆ ಜೇನು ಕೊಡಬಾರದು. ಆದರೆ ನಾಲ್ಕು ಗಂಟೆಗಳ ಹಿಂದೆ ಜೇನನ್ನು ಮೂಢನಂಬಿಕೆಯೆಂದು ತಳ್ಳಿದ ಕೈಯೇ ಡಬ್ಬಿಯ ಚೀಟಿಯನ್ನು ಬರೆದು ಕೊಟ್ಟಿತು. ತಾಯಿಯ ಎದೆಗೆ ಮೊದಲು ಬೇರೊಂದು ಪದಾರ್ಥ ಕೂಸಿನ ಬಾಯಿಗೆ ಹೋಗಬೇಕೆಂಬ ನಂಬಿಕೆ ಹಾಗೆಯೇ ಉಳಿಯಿತು. ಸೀಸೆ ಹೋಗಿ ಡಬ್ಬಿ ಬಂತು, ಅಷ್ಟೆ.

ಆ ದಾದಿಯನ್ನು ನಾನು ದೂರುವುದಿಲ್ಲ. ಆ ರಾತ್ರಿ ಅವಳೊಬ್ಬಳ ಪಾಲಿಗೆ ಹನ್ನೊಂದು ಹಾಸಿಗೆಗಳಿದ್ದವು. ಅವಳು ಕಲಿತ ಕ್ರಮದಲ್ಲಿ ಒರೆಸುವುದು, ತೂಗುವುದು, ಸುತ್ತುವುದು, ಬಂಧುಗಳಿಗೆ ತೋರಿಸುವುದು ಮೊದಲು. ಮೊಲೆಗೆ ಹಚ್ಚುವುದು ಕೊನೆಗೆ. ಕ್ರಮವೇ ತಲೆಕೆಳಗಾಗಿದ್ದರೆ ಅದನ್ನು ನಡೆಸುವವಳು ಏನು ಮಾಡಿಯಾಳು?

ಮನೆಗೆ ಬಂದ ಮೇಲೆ ಶುರುವಾದದ್ದು ನಿಜವಾದ ಪಾಡು. ಮೊಲೆಯ ಬಳಿಗೆ ತಂದರೆ ಸಾಕು, ಕೂಸು ಬಿಲ್ಲಿನಂತೆ ಬೆನ್ನು ಬಾಗಿಸಿ ಕಿರುಚುತ್ತಿತ್ತು. ಬಾಟಲಿಯ ರಬ್ಬರ್ ತೊಟ್ಟು ಕಂಡರೆ ಸುಮ್ಮನಾಗುತ್ತಿತ್ತು. ಏಕಾಗಬಾರದು? ರಬ್ಬರಿನಿಂದ ಹಾಲು ತಾನಾಗಿ ಸುರಿಯುತ್ತದೆ. ಎದೆಯಿಂದ ಹಾಲು ಬರಬೇಕಾದರೆ ಬಾಯಿ ದೊಡ್ಡದಾಗಿ ತೆರೆದು, ತೊಟ್ಟಿನ ಸುತ್ತಲಿನ ಕಪ್ಪು ಭಾಗವನ್ನೂ ಒಳಗೆ ತೆಗೆದುಕೊಂಡು ನಾಲಿಗೆಯಿಂದ ದುಡಿಯಬೇಕು. ದುಡಿಮೆಯಿಲ್ಲದ ಸಂಬಳ ಸಿಕ್ಕಿದವರು ಕೆಲಸಕ್ಕೆ ಹೋಗುವುದುಂಟೇ? ಇತ್ತ ನನ್ನ ಮಗಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ನೋಡಲು ಬಂದವರು ಒಬ್ಬೊಬ್ಬರೂ ಒಂದೊಂದು ಮಾತು ಬಿಟ್ಟು ಹೋದರು. “ಮುಂಬಯಿಯ ಹುಡುಗಿಯರಿಗೆ ಎಲ್ಲಿಯ ಹಾಲು?” “ನಿನ್ನ ಅಮ್ಮನಿಗೂ ಕಡಮೆಯೇ ಇತ್ತು.” ನಾಲ್ಕನೆಯ ದಿನ ಅವಳು ನನ್ನನ್ನು ಕೇಳಿದಳು: “ಅಮ್ಮಾ, ಇದಕ್ಕೆ ನಾನು ಬೇಡವಾ?” ನನ್ನಲ್ಲಿ ಉತ್ತರವಿರಲಿಲ್ಲ. ಈ ಲೇಖನವನ್ನು ಬರೆಯಿಸುತ್ತಿರುವುದು ಆ ಪ್ರಶ್ನೆಯೇ.

ಈಗ ವಿದ್ಯೆಯ ಮಾತು. ಕೂಸಿಗೆ ನಿಜವಾಗಿ ಏನು ಬರುತ್ತದೆ? 1987ರಲ್ಲಿ ಸ್ವೀಡನ್ನಿನ ಆನ್-ಮಾರೀ ವಿಡ್‌ಸ್ಟ್ರೋಮ್ ಎಂಬಾಕೆ ಮತ್ತು ಸಂಗಡಿಗರು ಬಹು ಸರಳವಾದ ಒಂದು ಕೆಲಸ ಮಾಡಿದರು: ಹುಟ್ಟಿದ ಕೂಸನ್ನು ತಾಯಿಯ ಬರಿಮೈಯ ಮೇಲೆ ಮಲಗಿಸಿ, ಯಾರೂ ಮುಟ್ಟದೆ ಸುಮ್ಮನೆ ನೋಡುತ್ತ ಕುಳಿತರು. ಮೊದಲು ಕೂಸು ವಿಶ್ರಮಿಸಿತು. ಆಮೇಲೆ ಬಾಯಿ ಆಡಿಸಿತು, ಕೈಯನ್ನು ಬಾಯಿಗೆ ತಂದಿತು, ಕಾಲುಗಳಿಂದ ತಾಯಿಯ ಹೊಟ್ಟೆಯನ್ನು ಒದೆಯುತ್ತ ಮೇಲಕ್ಕೆ ಸರಿಯಿತು, ನಡುನಡುವೆ ದಣಿವಾರಿಸಿಕೊಂಡಿತು, ಕೊನೆಗೆ ತಾನಾಗಿ ಮೊಲೆಯನ್ನು ಹುಡುಕಿ ಬಾಯಿಗೆ ಹಾಕಿಕೊಂಡಿತು. ಸುಮಾರು ಒಂದು ಗಂಟೆಯ ಪ್ರಯಾಣ. ಯಾರೂ ಕಲಿಸಲಿಲ್ಲ, ಯಾರೂ ತಲೆ ಹಿಡಿದು ಒತ್ತಲಿಲ್ಲ. ಮುಂಬಯಿಯಲ್ಲಿಯೂ ಯುನಿಸೆಫ್‌ನ ನೆರವಿನಿಂದ 2007ರಲ್ಲಿ ಇದರ ಕಿರುಚಿತ್ರವೊಂದು ತಯಾರಾಯಿತು. ಈ ಚಿತ್ರವನ್ನು ನಾನು ನೋಡಿದ್ದು ಬಹಳ ತಡವಾಗಿ. ನೋಡುವಾಗ ಪಡಸಾಲೆಯಲ್ಲಿ ನನ್ನ ರವಕೆಗೆ ಮೂಗುಜ್ಜಿದ ಕೂಸು ನೆನಪಾಗಿ ಫೋನನ್ನು ಕೆಳಗಿಟ್ಟೆ. ಅದು ಪಯಣ ಹೊರಟಿತ್ತು. ನಾವು ಕಾಲು ಕಟ್ಟಿ ಹಾಕಿದ್ದೆವು.

ಕಾಲು ಕಟ್ಟುವುದರಿಂದ ಏನಾಗುತ್ತದೆ ಎಂಬುದಕ್ಕೂ ಲೆಕ್ಕವಿದೆ. ಅದೇ ಸ್ವೀಡನ್ನಿನಲ್ಲಿ ರಿಘಾರ್ಡ್ ಮತ್ತು ಅಲಾಡೆ ಎಂಬವರು 72 ಕೂಸುಗಳನ್ನು ಗಮನಿಸಿ 1990ರಲ್ಲಿ ವರದಿ ಮಾಡಿದರು. ತಾಯಿಯ ಮೈಮೇಲೆಯೇ ಬಿಟ್ಟಿದ್ದ 38 ಕೂಸುಗಳಲ್ಲಿ 24 ಸರಿಯಾದ ರೀತಿಯಲ್ಲಿ ಮೊಲೆಯುಂಡವು. ಸುಮಾರು 20 ನಿಮಿಷಗಳ ಅನಂತರ ತೂಗುವುದಕ್ಕೂ ಬಟ್ಟೆ ತೊಡಿಸುವುದಕ್ಕೂ ಎತ್ತಿಕೊಂಡು ಹೋದ 34 ಕೂಸುಗಳಲ್ಲಿ ಸರಿಯಾಗಿ ಉಂಡವು ಏಳೇ ಏಳು. ಎತ್ತಿಕೊಂಡು ಹೋದದ್ದು ಸ್ವಲ್ಪ ಹೊತ್ತಿಗೆ ಮಾತ್ರ; ನನ್ನ ಮೊಮ್ಮಗಳಂತೆ ಮೂರು ಗಂಟೆಯಲ್ಲ! ಹೆರಿಗೆ ನೋವಿಗೆ ಪೆಥಿಡಿನ್ ಚುಚ್ಚಿಸಿಕೊಂಡ ತಾಯಂದಿರ 40 ಕೂಸುಗಳಲ್ಲಿ 25 ಮೊಲೆಗೆ ಬಾಯಿ ಹಾಕಲೇ ಇಲ್ಲ. ತಾಯಿಗೆ ಕೊಟ್ಟ ಮಂಪರು ಕೂಸಿಗೂ ತಟ್ಟಿತ್ತು. ಆ ಕೂಸುಗಳಿಗೂ ಯಾರೋ “ಎಳೆಯಲು ಬರುವುದಿಲ್ಲ” ಎಂದೇ ಹೇಳಿದ್ದಿರಬೇಕು.

ದಾರಿ ತೋರಿಸುವುದು ಯಾವುದು? ಮುಖ್ಯವಾಗಿ ವಾಸನೆ. 1994ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ತಾಯಿಯ ಒಂದು ಮೊಲೆಯನ್ನು ತೊಳೆದು, ಇನ್ನೊಂದನ್ನು ಹಾಗೆಯೇ ಬಿಟ್ಟು, ಕೂಸನ್ನು ನಡುವೆ ಮಲಗಿಸಿದರು. 30ರಲ್ಲಿ 22 ಕೂಸುಗಳು ತೊಳೆಯದ ಮೊಲೆಯನ್ನೇ ಆರಿಸಿಕೊಂಡವು. ನಾವಾದರೋ ಶುಚಿತ್ವದ ಹೆಸರಿನಲ್ಲಿ ಕೂಸನ್ನೂ ಒರೆಸುತ್ತೇವೆ, ತಾಯಿಯ ಎದೆಯನ್ನೂ ಬಿಸಿನೀರಿನಿಂದ ಉಜ್ಜುತ್ತೇವೆ. ದಾರಿಯ ಕೈಮರಗಳನ್ನೆಲ್ಲ ಕಿತ್ತು ಹಾಕಿ ಪ್ರಯಾಣಿಕನಿಗೆ ದಾರಿ ಗೊತ್ತಿಲ್ಲವೆಂದು ನಗುತ್ತೇವೆ. ಇನ್ನು ದನಿ. 1980ರಲ್ಲಿ ಅಮೆರಿಕದ ಡಿಕ್ಯಾಸ್ಪರ್ ಮತ್ತು ಫೈಫರ್ ಎಂಬವರು ಮೂರು ದಿನ ತುಂಬದ ಹತ್ತು ಕೂಸುಗಳ ಬಾಯಿಗೆ ಹಾಲಿಲ್ಲದ ರಬ್ಬರ್ ತೊಟ್ಟನ್ನಿಟ್ಟು, ಒಂದು ಲಯದಲ್ಲಿ ಚೀಪಿದರೆ ಅದರ ತಾಯಿಯ ದನಿಯೂ ಇನ್ನೊಂದು ಲಯದಲ್ಲಿ ಚೀಪಿದರೆ ಬೇರೊಬ್ಬಳ ದನಿಯೂ ಕೇಳಿಸುವಂತೆ ಯಂತ್ರ ಹೂಡಿದರು. ಕೂಸುಗಳು ಲಯವನ್ನು ಕಲಿತು ತಮ್ಮ ತಾಯಿಯ ದನಿಯನ್ನೇ ತರಿಸಿಕೊಂಡವು. ಹಾಲಿನ ಹನಿಯೂ ಸಿಗದಿದ್ದರೂ ಅಮ್ಮನ ದನಿಗಾಗಿ ಚೀಪುವ ಜೀವಕ್ಕೆ ನಾವು ಹೇಳುವುದು ಏನೂ ಗೊತ್ತಿಲ್ಲವೆಂದು!

“ತಾಯಿಗೆ ಹಾಲಿಲ್ಲ” ಎಂಬ ಎರಡನೆಯ ತೀರ್ಪಿಗೆ ನಮ್ಮ ಹಿರಿಯರು ಶಾಸ್ತ್ರದ ಆಧಾರ ಕೊಡುವುದುಂಟು. ಹೆತ್ತು ಮೂರು ನಾಲ್ಕು ರಾತ್ರಿಗಳಾದ ಮೇಲೆ ಸ್ತನ್ಯ ಹರಿಯತೊಡಗುತ್ತದೆಂದು ಸುಶ್ರುತ ಸಂಹಿತೆ ಹೇಳುವುದು ನಿಜ. ಅಷ್ಟರವರೆಗೆ ಜೇನು ತುಪ್ಪ ನೆಕ್ಕಿಸಿ ಎನ್ನುವುದೂ ನಿಜ. ಆದರೆ ಚರಕ ಸಂಹಿತೆಯಲ್ಲಿ ಜೇನು ತುಪ್ಪದ ವಿಧಿ ಮುಗಿದೊಡನೆ ಬಲ ಮೊಲೆಯನ್ನು ಕೂಸಿಗೆ ಕೊಡಬೇಕೆಂದಿದೆ. ಶಾಸ್ತ್ರಕಾರರಲ್ಲಿಯೇ ಒಮ್ಮತವಿಲ್ಲದಿರುವಾಗ ನಾವು ಕೂಸನ್ನು ಉಪವಾಸವಿಡುವವರ ಕಡೆಗೇ ಏಕೆ ವಾಲಿದೆವೋ ತಿಳಿಯದು. ಮೊದಲ ದಿನಗಳಲ್ಲಿ ಬರುವುದು ಹನಿಹನಿಯಾದ ದಪ್ಪ ಹಳದಿ ಹಾಲು. ಇಡೀ ದಿನಕ್ಕೆ ಕೆಲವೇ ಚಮಚ. ಕೂಸಿನ ಹೊಟ್ಟೆಯೂ ಆಗ ಅಷ್ಟೇ ಚಿಕ್ಕದು. ಅದರಲ್ಲಿ ರೋಗವನ್ನು ತಡೆಯುವ ಸತ್ತ್ವ ತುಂಬಿರುವುದರಿಂದ ಅದು ಹೊಟ್ಟೆ ತುಂಬಿಸುವುದಕ್ಕಿಂತ ಕಾವಲು ಕೂರಿಸುವ ಕೆಲಸವನ್ನು ಹೆಚ್ಚಾಗಿ ಮಾಡುತ್ತದೆ. ನನ್ನ ತಾಯಿ ನನ್ನ ಹೆರಿಗೆಯಲ್ಲಿ ಆ ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಗೋಡೆಯ ಬುಡಕ್ಕೆ ಚೆಲ್ಲಿಸಿದರು. ಅದೇ ತಿಂಗಳು ನಮ್ಮ ಕೊಟ್ಟಿಗೆಯಲ್ಲಿ ಹಸು ಕರು ಹಾಕಿತು. ಆ ಹಸುವಿನ ಗಿಣ್ಣುಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಕಾಸಿ ನೆರೆಮನೆಗೂ ಹಂಚಿ ಚಪ್ಪರಿಸಿ ತಿಂದೆವು! ಕರುವಿನ ಪಾಲಿನದು ನಮಗೆ ಅಮೃತ, ನಮ್ಮ ಕೂಸಿನ ಪಾಲಿನದು ವಿಷ.

ಕೊಟ್ಟಿಗೆಯಲ್ಲಿ ಇನ್ನೂ ಒಂದು ವಿಷಯ ನಮಗೆ ಗೊತ್ತಿತ್ತು. ಕರು ಸತ್ತ ಹಸು ಸೊರೆ ಬಿಡುವುದಿಲ್ಲವೆಂದು ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಅದರ ಮುಂದೆ ನಿಲ್ಲಿಸುತ್ತಿದ್ದರು. ಕೆಚ್ಚಲಿಗೂ ಕಣ್ಣಿಗೂ ಮೂಗಿಗೂ ಇರುವ ನಂಟನ್ನು ಬಲ್ಲ ಜನ, ಬಾಣಂತಿಯ ಮುಂದಿನಿಂದ ಕೂಸನ್ನೇ ಎತ್ತಿ ಒಯ್ದು “ಹಾಲು ಬರಲಿಲ್ಲವಲ್ಲ” ಎಂದು ಅಚ್ಚರಿಪಡುತ್ತಾರೆ. ಕೂಸು ಚೀಪಿದಾಗಲೇ ತಾಯಿಯ ಮಿದುಳಿನಿಂದ ಆಕ್ಸಿಟೋಸಿನ್ ಸ್ರವಿಸಿ ಹಾಲು ಇಳಿಯುತ್ತದೆ. ಅದೇ ರಸದಿಂದ ಗರ್ಭಕೋಶ ಸಂಕುಚಿಸಿ ರಕ್ತಸ್ರಾವವೂ ಕಡಮೆಯಾಗುತ್ತದೆ. ಚೀಪುವ ಬಾಯಿಯೇ ಇಲ್ಲದಿದ್ದರೆ ಯಾವ ಲೇಹ್ಯ ತಿನ್ನಿಸಿದರೇನು? ಹಾಲು ಸಾಲುತ್ತದೆಯೇ ಎಂದು ತಿಳಿಯಲು ಅಳುವೊಂದೇ ಸಾಕ್ಷಿಯೂ ಅಲ್ಲ. ಐದಾರು ದಿನಗಳ ಮೇಲೆ ಕೂಸು ದಿನಕ್ಕೆ ಆರು ಬಾರಿಯಾದರೂ ಉಚ್ಚೆ ಹೊಯ್ಯುತ್ತಿದ್ದರೆ, ಎರಡು ವಾರಗಳಲ್ಲಿ ಹುಟ್ಟಿದಾಗಿನ ತೂಕಕ್ಕೆ ಮರಳಿದರೆ, ಸಾಲುತ್ತದೆಂದೇ ಲೆಕ್ಕ. ಇದನ್ನು ನೋಡಲು ಬೇಕಾದದ್ದು ಬಟ್ಟೆಗಳನ್ನು ಎಣಿಸುವ ತಾಳ್ಮೆ.

ಇಷ್ಟು ಓದಿದವರು, “ಹಾಗಾದರೆ ಹಳೆಯ ಕಾಲದ ಮನೆಹೆರಿಗೆಯೇ ಲೇಸು ಎನ್ನುತ್ತೀರಾ?” ಎಂದು ಕೇಳಿಯಾರು. ಖಂಡಿತ ಇಲ್ಲ. ನನ್ನ ಅಜ್ಜಿ ಹೆತ್ತದ್ದು ಒಂಬತ್ತು, ಉಳಿದದ್ದು ಐದು. ಮಣಿಪಾಲದ ಬೋಳುಗುಡ್ಡದ ಮೇಲೆ ಡಾ. ಟಿ. ಎಂ. ಎ. ಪೈಗಳು 1953ರಲ್ಲಿ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ್ದು ಈ ಕರಾವಳಿಯ ತಾಯಂದಿರಿಗೆ ಎಂಥ ಭಾಗ್ಯವೆಂಬುದನ್ನು ನನ್ನ ತಲೆಮಾರಿನವರಿಗೆ ಹೇಳಬೇಕಾಗಿಲ್ಲ. ಆಸ್ಪತ್ರೆ ಬೇಕು. ಆದರೆ ಆಸ್ಪತ್ರೆಯ ಬಾಗಿಲನ್ನು ದಾಟಿದ್ದರಿಂದ ಕೂಸಿನ ಮೊದಲ ಗಂಟೆ ಏನಾಯಿತು? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. 2015-16ರಲ್ಲಿ ದೇಶದ ಹೆರಿಗೆಗಳಲ್ಲಿ ನೂರಕ್ಕೆ 78.9 ಆಸ್ಪತ್ರೆಗಳಲ್ಲಿ ಆಗುತ್ತಿದ್ದವು; 2019-21ರ ವೇಳೆಗೆ 88.6. ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಯುಂಡ ಕೂಸುಗಳು ಮೊದಲಿನ ಸಮೀಕ್ಷೆಯಲ್ಲಿ ನೂರಕ್ಕೆ 41.6, ಆಮೇಲಿನದರಲ್ಲಿ 41.8. ಹತ್ತಿರ ಹತ್ತಿರ ಹತ್ತು ಪಾಲು ತಾಯಂದಿರು ಹೊಸದಾಗಿ ಆಸ್ಪತ್ರೆಗೆ ಬಂದರು. ಕೂಸು ಮಾತ್ರ ನಿಂತಲ್ಲೇ ನಿಂತಿತು. ಕೇಂದ್ರ ಸರಕಾರ 2016ರಲ್ಲಿ ‘ಮಾ’ ಎಂಬ ಕಾರ್ಯಕ್ರಮವನ್ನೇ ಆರಂಭಿಸಿತ್ತು. ಅದಕ್ಕೂ ಬಹಳ ಹಿಂದೆ, 1989ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಹೆರಿಗೆ ಆಸ್ಪತ್ರೆಗಳಿಗೆ ಹತ್ತು ನಿಯಮಗಳನ್ನು ಬರೆದುಕೊಟ್ಟಿದ್ದವು. ತಾಯಿ ಮಗುವನ್ನು ಹಗಲಿರುಳೂ ಒಟ್ಟಿಗೇ ಇಡಬೇಕೆಂಬುದು ಅವುಗಳಲ್ಲೊಂದು. ಗೋಡೆಗೆ ಭಿತ್ತಿಪತ್ರ ಅಂಟಿಸುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ. ಅದರ ಅಡಿಯಲ್ಲಿಯೇ ನಾನು ಅಂದು ಕೂಸನ್ನು ಹಿಡಿದು ನಿಂತಿದ್ದೆ.

ಶಸ್ತ್ರಚಿಕಿತ್ಸೆಯ ಹೆರಿಗೆಯ ನೆವವೂ ಇದೆ. ಬೆನ್ನಿಗೆ ಚುಚ್ಚುಮದ್ದು ಕೊಟ್ಟು ಮಾಡುವ ಹೆರಿಗೆಯಲ್ಲಿ ತಾಯಿ ಎಚ್ಚರವಾಗಿಯೇ ಇರುತ್ತಾಳೆ. ಇಬ್ಬರೂ ಕ್ಷೇಮವಾಗಿದ್ದರೆ, ಒಬ್ಬರು ಪಕ್ಕದಲ್ಲಿ ಹಿಡಿದುಕೊಂಡರೆ ಕೂಸು ಎದೆಯ ಮೇಲೆ ಮಲಗಬಹುದು. ಆ ಒಬ್ಬರನ್ನು ನಿಯಮಿಸುವುದು ಖರ್ಚಿನ ಬಾಬತ್ತು. ಡಬ್ಬಿಯ ಖರ್ಚಾದರೋ ನಮ್ಮದು. ಚಿಕ್ಕ ಮಕ್ಕಳಾಗಿದ್ದಾಗ ನಾವೆಲ್ಲರೂ ಗೋವಿನ ಹಾಡನ್ನು ಓದಿ ಅತ್ತವರು. ಹಸಿದ ಹುಲಿಯೂ ಪುಣ್ಯಕೋಟಿಯನ್ನು ಕರುವಿಗೆ ಹಾಲೂಡಿಸಿ ಬರಲು ಕಳುಹಿಸಿತೆಂಬುದನ್ನು ಶಾಲೆಯಲ್ಲಿ ನಾನೇ ವರ್ಷವರ್ಷವೂ ಪಾಠ ಹೇಳಿದ್ದೇನೆ. ನಮ್ಮ ತಕ್ಕಡಿಗೂ ದಾಖಲೆ ಪುಸ್ತಕಕ್ಕೂ ಆ ಹುಲಿಗಿದ್ದಷ್ಟು ತಾಳ್ಮೆ ಇಲ್ಲ.

ಡಬ್ಬಿಯ ವಿಷಯದಲ್ಲಿ ಕಾನೂನು ಸುಮ್ಮನೆ ಕುಳಿತಿಲ್ಲ. 1992ರ ಶಿಶು ಹಾಲಿನ ಬದಲಿ ವಸ್ತುಗಳ ಕಾಯಿದೆ ಅವುಗಳ ಜಾಹೀರಾತನ್ನೂ ಉಚಿತ ಮಾದರಿಗಳನ್ನೂ ನಿಷೇಧಿಸಿತು. ಡಬ್ಬಿಯ ಮೇಲೆ ತಾಯಿಯ ಚಿತ್ರವಾಗಲಿ ಕೂಸಿನ ಚಿತ್ರವಾಗಲಿ ಇರಕೂಡದೆಂದಿತು. 2003ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಲಾಯಿತು. ಆದರೆ ಆಸ್ಪತ್ರೆಯ ಚೀಟಿಗಿಂತ ದೊಡ್ಡ ಜಾಹೀರಾತು ಯಾವುದು? ರಜೆಯ ಕತೆಯೂ ಹಾಗೆಯೇ. 2017ರ ತಿದ್ದುಪಡಿ ಹೆರಿಗೆ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು. ನನ್ನ ಮಗಳಿಗೆ ಅದರ ಪ್ರಯೋಜನ ದೊರೆಯಿತು. ಮನೆಯಲ್ಲಿ ಕುಳಿತು ಬೀಡಿ ಕಟ್ಟುವ ನಮ್ಮ ನೆರೆಯವಳಿಗೆ ರಜೆ ಎಂದರೆ ಕೂಲಿ ಇಲ್ಲದ ದಿನ ಎಂದಷ್ಟೇ ಅರ್ಥ.

ನಿಜವಾಗಿಯೂ ಹಾಲೆಳೆಯಲಾರದ ಕೂಸುಗಳಿಲ್ಲವೇ? ಇವೆ, ಅವುಗಳ ಮಾತು ಬೇರೆ. ಚೀಪುವುದು, ನುಂಗುವುದು, ಉಸಿರಾಡುವುದು, ಈ ಮೂರೂ ಒಂದಕ್ಕೊಂದು ಹೊಂದಿಕೊಳ್ಳುವುದು ಗರ್ಭದ ಸುಮಾರು 34ನೆಯ ವಾರದ ಹೊತ್ತಿಗೆ. ಅದಕ್ಕೆ ಮೊದಲೇ ಹುಟ್ಟಿದವು ಸೋಲುವುದು ಸಹಜ. ತುಟಿ ಅಂಗುಳ ಸೀಳಿದ ಕೂಸುಗಳಿಗೆ, ನಾಲಿಗೆಯ ಕೆಳಗಿನ ಪೊರೆ ತೀರ ಬಿಗಿದ ಕೂಸುಗಳಿಗೆ ವೈದ್ಯರ ಸಹಾಯ ಬೇಕೇ ಬೇಕು. ಆದರೆ ಅಲ್ಲಿಯೂ ಉತ್ತರ ಬಾಟಲಿಯಲ್ಲ. ತಾಯಿಯ ಹಾಲನ್ನೇ ಹಿಂಡಿ, ನಮ್ಮ ಅಜ್ಜಿಯಂದಿರ ಕಾಲದ ಒಳಲೆಯಿಂದ ಕುಡಿಸುವುದನ್ನು ಇಂದಿನ ನವಜಾತ ಶಿಶು ಘಟಕಗಳೂ ಒಪ್ಪಿಕೊಂಡಿವೆ. ಹಳೆಯದೆಲ್ಲ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲವಷ್ಟೆ! ದಕ್ಷಿಣ ಅಮೆರಿಕದ ಬೊಗೊಟಾ ನಗರದಲ್ಲಿ 1978ರಲ್ಲಿ ಕಾವುಪೆಟ್ಟಿಗೆಗಳು ಸಾಲದೆ ವೈದ್ಯರು ಕಡಮೆ ತೂಕದ ಕೂಸುಗಳನ್ನು ತಾಯಂದಿರ ಎದೆಗೇ ಕಟ್ಟಿ ಬೆಳೆಸಲು ತೊಡಗಿದರು. ಬಡತನದ ಆ ಉಪಾಯವೇ ಮುಂದೆ ಶಾಸ್ತ್ರವಾಯಿತು. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹುಟ್ಟಿದ ಕೂಡಲೇ ತಾಯಿಯ ಮೈಗೆ ಹಚ್ಚಿಟ್ಟ ಪುಟ್ಟ ಕೂಸುಗಳಲ್ಲಿ ಮೊದಲ 28 ದಿನಗಳ ಸಾವು ನೂರಕ್ಕೆ 12. ಹಳೆಯ ಕ್ರಮದಂತೆ ಚೇತರಿಸಿದ ಮೇಲೆ ಹಚ್ಚಿದವುಗಳಲ್ಲಿ 15.7. ನಮ್ಮ ಕರ್ನಾಟಕದ ಕೊಪ್ಪಳ ಜಿಲ್ಲೆಯಲ್ಲಿಯೂ ಈ ಆರೈಕೆಯನ್ನು ಜಿಲ್ಲೆಯಾದ್ಯಂತ ಹರಡುವ ಪ್ರಯತ್ನ ನಡೆದಿದೆ. ಕಿಲೋ ಒಂದೂವರೆ ತೂಗುವ ಕೂಸನ್ನೇ ತಾಯಿಯಿಂದ ಅಗಲಿಸಬಾರದೆಂದ ಮೇಲೆ ಮೂರು ಕಿಲೋದ ಗಟ್ಟಿ ಕೂಸನ್ನು ಪಡಸಾಲೆಗೆ ಒಯ್ಯಲು ಏನು ಕಾರಣ?

ಇನ್ನೊಂದು ಪಂಗಡದವರೊಡನೆಯೂ ನನಗೆ ಜಗಳವಿದೆ. ಇವರು ನನ್ನ ಮಾತನ್ನೇ ಹಿಡಿದುಕೊಂಡು, ಮೊದಲ ಗಂಟೆ ತಪ್ಪಿತೋ ಬಾಂಧವ್ಯವೇ ಹೋಯಿತು, ಎದೆಹಾಲು ಕೊಡದವಳು ಅರೆತಾಯಿ ಎಂದು ಹೆದರಿಸುವವರು. ಇದಕ್ಕೂ ಒಂದು ಮೂಲವಿದೆ. ಮರಿಯನ್ನು ಹುಟ್ಟಿದೊಡನೆ ಅಗಲಿಸಿದರೆ ತಾಯಿ ಆಡು ಅದನ್ನು ಒದ್ದೋಡಿಸುತ್ತದೆ, ಐದೇ ನಿಮಿಷ ಜೊತೆಗಿದ್ದರೂ ಗುರುತಿಟ್ಟುಕೊಳ್ಳುತ್ತದೆ ಎಂದು 1964ರಲ್ಲಿ ಅಮೆರಿಕದಲ್ಲಿ ಕಂಡುಕೊಂಡರು. 1972ರಲ್ಲಿ ಕ್ಲೌಸ್ ಮತ್ತು ಕೆನ್ನೆಲ್ ಎಂಬ ವೈದ್ಯರು 28 ತಾಯಂದಿರನ್ನು ಗಮನಿಸಿ, ಮನುಷ್ಯರಲ್ಲಿಯೂ ಮೊದಲ ಗಳಿಗೆಗಳ ಸಂಗಕ್ಕೆ ವಿಶೇಷ ಪ್ರಭಾವವುಂಟೆಂದರು. ಅವರಿಂದಾಗಿ ಅಲ್ಲಿಯ ಆಸ್ಪತ್ರೆಗಳ ಬಾಗಿಲು ತಾಯಂದಿರಿಗೆ ತೆರೆಯಿತು. ಅದು ಪುಣ್ಯದ ಕೆಲಸ. ಆದರೆ ಆ ಗಳಿಗೆ ಮೀರಿದರೆ ಮುಗಿಯಿತೆಂಬ ಮಾತನ್ನು ಆಮೇಲಿನ ಸಂಶೋಧಕರು ಒಪ್ಪಲಿಲ್ಲ. ಒಪ್ಪುವುದಾದರೂ ಹೇಗೆ? ಉಡುಪಿಯ ಕಡೆಗೋಲು ಹಿಡಿದ ಬಾಲಕೃಷ್ಣನ ಮುಂದೆ ನಿಂತು ಮೊದಲ ಗಂಟೆಯೇ ಸರ್ವಸ್ವ ಎನ್ನಲು ಯಾರಿಗೆ ಧೈರ್ಯ? ಆ ಗಂಟೆ ದೇವಕಿಯದು, ಕೂಸು ಯಶೋದೆಯದು! ಮನುಷ್ಯಳು ಆಡಲ್ಲ. ದತ್ತು ತೆಗೆದುಕೊಂಡವಳೂ, ಕಾಯಿಲೆಯಿಂದ ಹಾಲೂಡಿಸಲಾರದವಳೂ ಪೂರ್ಣ ತಾಯಿಯೇ. ನನ್ನ ಮಗಳನ್ನು ಗೋಡೆಯ ಕಡೆಗೆ ತಿರುಗಿಸಿದ್ದು ಕಳೆದುಹೋದ ಗಂಟೆಯೊಂದೇ ಅಲ್ಲ, ಜನರ ನಾಲಿಗೆಯೂ ಹೌದು.

ಗಂಟೆ ಕಳೆದರೂ ವಿದ್ಯೆ ಕಳೆದಿರಲಿಲ್ಲ ಎಂಬುದು ನಮಗೆ ಏಳನೆಯ ದಿನ ತಿಳಿಯಿತು. ಬಾಣಂತಿಯನ್ನು ನೋಡಲು ಊರಿನ ಆಶಾ ಕಾರ್ಯಕರ್ತೆ ಬಂದಳು. ಮೂರನೆಯ ದಿನವೂ ಬಂದಿದ್ದಳಂತೆ, ಆಗ ಅಮೆಯ ನೆವ ಹೇಳಿ ಜಗಲಿಯಿಂದಲೇ ಕಳುಹಿಸಿಬಿಟ್ಟಿದ್ದೆವು. ಹಿಂದೆ ನನ್ನಲ್ಲಿ ಐದನೆಯ ತರಗತಿ ಓದಿದವಳು, ಗಣಿತದಲ್ಲಿ ಅಷ್ಟಕ್ಕಷ್ಟೆ. “ಟೀಚರೇ, ಒಂದು ಮಾತು ಹೇಳಲಾ, ಬೇಜಾರು ಮಾಡಬೇಡಿ” ಎಂದು ಶುರುಮಾಡಿ, ಬಂದ ನೆಂಟರನ್ನೆಲ್ಲ ಕೋಣೆಯಿಂದ ಹೊರಗೆ ಕಳುಹಿಸಿದಳು. ಮಗಳನ್ನು ದಿಂಬಿಗೆ ಒರಗಿಸಿ, ಕೂಸಿನ ಬಟ್ಟೆಯನ್ನೆಲ್ಲ ಬಿಚ್ಚಿ, ಬರಿಮೈಯನ್ನು ಬರಿಮೈಗೆ ಹಚ್ಚಿ ಮೇಲೊಂದು ತೆಳು ಹೊದಿಕೆ ಹಾಕಿದಳು. “ಇನ್ನು ಏನೂ ಮಾಡಬೇಡ ಅಕ್ಕ. ಅದು ಏನು ಮಾಡುತ್ತದೆ ನೋಡುವ” ಎಂದಳು. ಕೂಸು ಹಸಿದು ಅಳುವ ಮೊದಲೇ, ಅರೆಎಚ್ಚರದಲ್ಲಿರುವಾಗಲೇ ಇದನ್ನು ಮಾಡಬೇಕಂತೆ; ಅಳು ಹಸಿವಿನ ಕೊನೆಯ ಸೂಚನೆ, ಮೊದಲನೆಯದಲ್ಲ. ಹದಿನೈದು ನಿಮಿಷ ಏನೂ ಆಗಲಿಲ್ಲ. ನಾನು ಎರಡು ಬಾರಿ ತಲೆ ಹಿಡಿಯಲು ಕೈ ಚಾಚಿದೆ. ಅವಳು ಎರಡು ಬಾರಿಯೂ ನನ್ನ ಕೈಯನ್ನು ಮೆಲ್ಲನೆ ಸರಿಸಿದಳು. ಆಮೇಲೆ ಕೂಸು ತಲೆ ಎತ್ತಿತು, ಬಿದ್ದಿತು, ಮತ್ತೆ ಎತ್ತಿತು. ನಲುವತ್ತು ನಿಮಿಷ ಹಿಡಿಯಿತು. ಬಾಯಿ ಹಾಕಿತು, ಬಿಟ್ಟಿತು, ಹಾಕಿತು. ನನ್ನ ಮಗಳು ಉಸಿರು ಬಿಗಿಹಿಡಿದು ಹಾಗೆಯೇ ಇದ್ದಳು. ನುಂಗುವ ಸದ್ದು ಕೇಳಿಸಿದಾಗ ಆಶಾ ಹುಡುಗಿ ನನ್ನ ಕಡೆ ನೋಡಿ ನಕ್ಕಳು. ಬಾಟಲಿ ಪೂರ್ತಿ ಬಿಡಲು ಮತ್ತೆ ಹನ್ನೆರಡು ದಿನ ಬೇಕಾಯಿತು. ನಡುವೆ ಅಳು, ಬಿರಿದ ತೊಟ್ಟಿನ ನೋವು, ನಿದ್ದೆಗೆಟ್ಟ ರಾತ್ರಿಗಳು ಎಲ್ಲವೂ ಇದ್ದವು.

ಬರುವ ಫೆಬ್ರವರಿಯಲ್ಲಿ ನನ್ನ ಕಿರಿಯ ಮಗಳ ಹೆರಿಗೆ. ಈ ಸಲ ನಾನು ಮೊದಲೇ ಆಸ್ಪತ್ರೆಗೆ ಹೋಗಿ ಕೇಳಿದೆ: ಕೂಸು ಕ್ಷೇಮವಾಗಿ ಹುಟ್ಟಿದರೆ ತೂಗುವುದನ್ನು ಒಂದು ಗಂಟೆ ತಡೆಯಬಹುದೇ? ನನ್ನ ಕೈಗೆ ಕೊಡದೆ ತಾಯಿಯ ಎದೆಯ ಮೇಲೆಯೇ ಬಿಡಬಹುದೇ? ನನ್ನನ್ನು ಕೇಳದೆ ಡಬ್ಬಿಯ ಚೀಟಿ ಬರೆಯದಿರಬಹುದೇ? ವೈದ್ಯೆ ನಗುತ್ತ, “ನೋಡುವ ಅಮ್ಮ, ಆ ದಿನ ಎಷ್ಟು ಕೇಸು ಇರುತ್ತದೋ” ಎಂದರು. ಅದನ್ನು ಕಾಗದದ ಮೇಲೆ ಬರೆದು ಕೊಡಿ ಎಂದು ಕೇಳಿ ಬಂದಿದ್ದೇನೆ. ಇನ್ನೂ ಕೊಟ್ಟಿಲ್ಲ.